ಕೈ ಗುಲಾಬಿ ಆದರೆ ಲಂಚ ಸಾಬೀತೇ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು, ವಿಧಿವಿಜ್ಞಾನ ಪ್ರಯೋಗಾಲಯದ ವಿಷ ಮತ್ತು ರಸಾಯನ ವಿಭಾಗದಲ್ಲಿ ದುಡಿದು ನಿವೃತ್ತರಾದ ವಿಜ್ಞಾನಿ.

ಪ್ರಶ್ನೆ: ಲೋಕಾಯುಕ್ತದವರು ಪುಡಿ ಹಚ್ಚಿದ ನೋಟು ಕೊಡಿಸುತ್ತಾರಂತೆ, ಮುಟ್ಟಿದ ಕೂಡಲೇ ಕೈ ಗುಲಾಬಿ ಆಗುತ್ತದಂತೆ. ಅರಿಶಿನ ಮುಟ್ಟಿದ ಕೈಯೂ ಸೋಡಾ ನೀರಿಗೆ ಕೆಂಪಾಗುತ್ತದಲ್ಲ ಮೇಡಂ, ಪಾಪದವರು ಸಿಕ್ಕಿಬೀಳುವುದಿಲ್ಲವೇ? (ಓದುಗಿ, ಹಾವೇರಿ)

ಉತ್ತರ: ಮುಟ್ಟಿದ ಕೂಡಲೇ ಏನೂ ಆಗುವುದಿಲ್ಲ, ಅದು ಟಿವಿಯವರ ಮಾತು. ನೋಟಿಗೆ ಹಚ್ಚುವುದು ಫಿನಾಫ್ತಲೀನ್ ಎಂಬ ಬಿಳಿ ಪುಡಿ. ನೋಟಿನ ಮೇಲೆ ತೆಳ್ಳಗೆ ಸವರಿದರೆ ಕಣ್ಣಿಗೆ ಬೀಳದು. ದಾಳಿಗೆ ಮುಂಚೆ ಪಂಚರ, ಅಂದರೆ ಸಾಕ್ಷಿಗೆ ಕರೆತಂದವರ ಎದುರಿಗೆ ನೋಟಿನ ನಂಬರು ಬರೆದುಕೊಂಡು, ಪುಡಿ ಸವರಿ, ದೂರುದಾರರ ಜೇಬಿಗೆ ಇಡುತ್ತಾರೆ. ಹಣ ಕೈ ಬದಲಾದ ಮೇಲೆ ಅಧಿಕಾರಿಯ ಬಲಗೈ ಒಂದು ಲೋಟದಲ್ಲಿ, ಎಡಗೈ ಇನ್ನೊಂದರಲ್ಲಿ ಅದ್ದಿಸುತ್ತಾರೆ. ಅದರಲ್ಲಿರುವುದು ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರು, ಅಂದರೆ ಬಟ್ಟೆ ಒಗೆಯುವ ಸೋಡಾ. ಗುಲಾಬಿ ಆಗುವುದು ಆ ನೀರು. ಅದನ್ನು ಬಾಟಲಿಗೆ ಹಾಕಿ, ಅರಗಿನ ಸೀಲ್ ಒತ್ತಿ ನಮಗೆ ಕಳಿಸುತ್ತಾರೆ.

ಇನ್ನು ನಿಮ್ಮ ಅರಿಶಿನ. ಪ್ರಶ್ನೆ ಓದಿ ಖುಷಿಯಾಯಿತು, ಏಕೆಂದರೆ ತರಬೇತಿಗೆ ಬಂದ ಪೊಲೀಸರಿಗೆ ನಾನು ಮೊದಲ ದಿನ ತೋರಿಸುತ್ತಿದ್ದದ್ದೇ ಇದನ್ನು. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಸೋಡಾ ನೀರಿನಲ್ಲೂ ಅದೇ ಕಥೆ. ಆದರೆ ಅದು ಇಟ್ಟಿಗೆಗೆ ಹತ್ತಿರದ ಕೆಂಪು. ಫಿನಾಫ್ತಲೀನಿನದು ಹೆಣ್ಣುಮಕ್ಕಳ ರಾಣಿ ಬಣ್ಣದ ಸೀರೆ ಇದೆಯಲ್ಲ, ಆ ಗುಲಾಬಿ. ಬರಿಗಣ್ಣನ್ನು ನಂಬಬೇಡಿ ಅನ್ನುತ್ತೀರಾ? ಎರಡಕ್ಕೂ ಹುಳಿ ಹಿಂಡಿ. ಅರಿಶಿನದ ನೀರು ಹಳದಿಗೆ ಮರಳುತ್ತದೆ, ಫಿನಾಫ್ತಲೀನಿನದು ಬಣ್ಣವೇ ಇಲ್ಲದೆ ತಿಳಿಯಾಗುತ್ತದೆ. ಪ್ರಯೋಗಾಲಯದಲ್ಲಿ ಇಷ್ಟಕ್ಕೇ ಬಿಡುವುದಿಲ್ಲ, ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಕ್ರೊಮಟೋಗ್ರಫಿಯಲ್ಲೂ ನೋಡುತ್ತೇವೆ.

ಒಮ್ಮೆ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದೆ. ಆರೋಪಿ ಪರ ವಕೀಲರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ‘ಎಲ್ಲಿದೆ ಮೇಡಂ ಗುಲಾಬಿ?’ ಎಂದರು. ನಿಜ, ಒಳಗಿದ್ದದ್ದು ಬೋರ್‌ವೆಲ್ ನೀರಿನ ಹಾಗೆ ಕಾಣುತ್ತಿತ್ತು. ದಿನ ಕಳೆದಂತೆ ಆ ಬಣ್ಣ ಮಾಸುವುದು ಸಹಜ. ‘ಬಣ್ಣ ಹೋಗಿದೆ ಸ್ವಾಮಿ, ಪುಡಿ ಎಲ್ಲೂ ಹೋಗಿಲ್ಲ’ ಎಂದೆ. ನ್ಯಾಯಾಧೀಶರು ನಕ್ಕಂತೆ ಕಂಡಿತು, ಬರೆಸಿಕೊಂಡದ್ದು ಮಾತ್ರ ಗಂಭೀರವಾಗಿಯೇ.

ಆದರೆ ನಿಮ್ಮ ಭಯದಲ್ಲೂ ಅರ್ಧ ಸತ್ಯವಿದೆ. ಕೈಗೆ ಪುಡಿ ತಾಕಿತ್ತು ಎಂದಷ್ಟೇ ನಾವು ಹೇಳಬಲ್ಲೆವು. ಕೇಳಿ ಪಡೆದರೋ, ಯಾರಾದರೂ ಬಲವಂತವಾಗಿ ತುರುಕಿದರೋ, ಪುಡಿ ಹತ್ತಿದ ಕೈಯನ್ನು ಕುಲುಕಿದರೋ, ಬಾಟಲಿಗೆ ಗೊತ್ತಿಲ್ಲ. ಲಂಚ ಕೇಳಿದ್ದು, ಪಡೆದದ್ದು ಎರಡೂ ರುಜುವಾತಾಗಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ದೂರುದಾರರು ಸತ್ತರೂ ಉಲ್ಟಾ ಹೊಡೆದರೂ ಬೇರೆ ಸಾಕ್ಷ್ಯಗಳಿಂದ ರುಜುವಾತು ಮಾಡಬಹುದು, ಆದರೆ ಮಾಡಲೇಬೇಕು.

ಪ್ರಶ್ನೆ: ನಮ್ಮ ಸಂಬಂಧಿಕರೊಬ್ಬರ ಸಾವಿನ ವಿಸೆರಾ (ಒಳಾಂಗಗಳ ಪರೀಕ್ಷೆ) ವರದಿ ಬಹಳ ತಡವಾಗಿ ಬಂತು. ಅದರಲ್ಲೂ ‘ವಿಷ ಪತ್ತೆಯಾಗಿಲ್ಲ’ ಎಂದಿದೆ. ಕುಡಿದದ್ದನ್ನು ಕಂಡವರಿದ್ದಾರೆ! (ಓದುಗರು, ಗದಗ)

ಉತ್ತರ: ‘ಪತ್ತೆಯಾಗಿಲ್ಲ’ ಎಂದರೆ ‘ಕುಡಿದಿಲ್ಲ’ ಎಂದಲ್ಲ. ವಾಂತಿಯಾಗಿರಬಹುದು, ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದಿರಬಹುದು, ನಾಲ್ಕಾರು ದಿನ ಚಿಕಿತ್ಸೆ ನಡೆದು ವಿಷ ದೇಹದಿಂದ ಇಳಿದಿರಬಹುದು. ಹೊಟ್ಟೆ ತೊಳೆದ ಮೊದಲ ನೀರನ್ನು ಎತ್ತಿಟ್ಟಿದ್ದಾರೆಯೇ ಎಂದು ತನಿಖಾಧಿಕಾರಿಯನ್ನು ಕೇಳಿ, ಎಷ್ಟೋ ಸಲ ಉತ್ತರ ಇರುವುದು ಅದರಲ್ಲೇ.

ಜಠರ, ಕರುಳು, ಯಕೃತ್ತು, ಮೂತ್ರಪಿಂಡದ ತುಂಡುಗಳು ಸಾಮಾನ್ಯವಾಗಿ ಬರುವುದು ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರಿನಲ್ಲಿ, ಥೇಟ್ ಉಪ್ಪಿನಕಾಯಿ ಜಾಡಿ. ಜೊತೆಗೆ ಬರಿಯ ಉಪ್ಪುನೀರಿನ ಒಂದು ಬಾಟಲಿಯೂ ಬೇರೆಯಾಗಿ ಬರಬೇಕು, ವಿಷ ಉಪ್ಪಿನಲ್ಲೇ ಇತ್ತೇ ಎಂದು ನೋಡಲು. ಅದನ್ನು ಮರೆತವರಿಗೆ ಪತ್ರ ಬರೆದೂ ಬರೆದೂ ಕೈ ಸೋತಿದೆ. ತಡಕ್ಕೆ ಅದೂ ಒಂದು ಕಾರಣ. ದೊಡ್ಡ ಕಾರಣ, ರಾಶಿ ಬಿದ್ದ ಜಾಡಿಗಳು, ಬೆರಳೆಣಿಕೆಯ ಜನ. ಮುಚ್ಚಳ ತೆಗೆದ ಕೂಡಲೇ ಬೆಳ್ಳುಳ್ಳಿ, ಸೀಮೆಎಣ್ಣೆ ಬೆರೆತ ವಾಸನೆ ಬಂದರೆ ಬೆಳೆಗೆ ಹೊಡೆಯುವ ಔಷಧಿ ಎಂದು ಅರ್ಧ ಗೊತ್ತಾಗುತ್ತಿತ್ತು. ಆದರೆ ಮೂಗನ್ನು ವರದಿಯಲ್ಲಿ ಬರೆಯಲಾಗದು, ಯಂತ್ರ ಹೇಳುವ ತನಕ ಕಾಯಬೇಕು.

ಪ್ರಶ್ನೆ: ಮಂಪರು ಪರೀಕ್ಷೆ ಮಾಡಿಸಿದರೆ ಎಲ್ಲಾ ಕೇಸೂ ವಾರದಲ್ಲಿ ಮುಗಿಯುವುದಿಲ್ಲವೇ? (ಓದುಗರು, ಬೆಂಗಳೂರು)

ಉತ್ತರ: ಇಲ್ಲ. ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು, ಅದೂ ನಮ್ಮ ಕರ್ನಾಟಕ ಸರ್ಕಾರವೇ ಎದುರುವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ. ಒಪ್ಪಿದರೂ ಮಂಪರಿನಲ್ಲಿ ಆಡಿದ ಮಾತೇ ಸಾಕ್ಷ್ಯವಲ್ಲ. ಅಮಲಿನಲ್ಲಿದ್ದವರು ನಿಜವನ್ನೇ ಹೇಳುತ್ತಾರೆ ಎಂದು ಯಾವ ಮದುವೆ ಮನೆಯಲ್ಲಿ ಕಂಡಿದ್ದೀರಿ?

ಪ್ರಶ್ನೆ: ಹೊಸ ಕಾನೂನಿನಿಂದ ನಿಮ್ಮವರ ಕೆಲಸ ಬದಲಾಗಿದೆಯೇ? (ಕಾನೂನು ವಿದ್ಯಾರ್ಥಿನಿ, ಮೈಸೂರು)

ಉತ್ತರ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಅಪರಾಧಗಳ ತನಿಖೆ, ವಿಚಾರಣೆಯ ಹೊಸ ಕಾನೂನಿನ ಪ್ರಕಾರ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ತಜ್ಞರೇ ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಅಣಿಯಾಗಲು ರಾಜ್ಯಗಳಿಗೆ 5 ವರ್ಷದವರೆಗೆ ಸಮಯವಿದೆ. ನಮ್ಮ ಕಾಲದಲ್ಲಿ ಸ್ಥಳವೇ ಪಾರ್ಸಲ್ ಆಗಿ ನಮ್ಮ ಬಳಿ ಬರುತ್ತಿತ್ತು. ಒಂದು ಮಳೆಗಾಲ ಯಾವುದೋ ಠಾಣೆಯಿಂದ ರಕ್ತದ ಅಂಗಿ ಬಂತು. ಒಣಗಿಸಿ ಕಾಗದದಲ್ಲಿ ಸುತ್ತಬೇಕಾದದ್ದನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುರುಕಿ, ನಾಲ್ಕು ಕಡೆ ಚೆಂದವಾಗಿ ಅರಗು ಒತ್ತಿದ್ದರು. ಬಿಚ್ಚಿದರೆ ಕಾಲರಿನಿಂದ ತೋಳಿನವರೆಗೆ ಬಿಳಿ ಬೂಷ್ಟು. ಪಕ್ಕದ ವಿಭಾಗದ ಗೆಳತಿ ಮೂರು ಕಡೆ ಕತ್ತರಿಸಿ ಪ್ರಯತ್ನಪಟ್ಟಳು, ರಕ್ತದ ಗುಂಪು ಹೇಳಲು ಆಗಲೇ ಇಲ್ಲ. ಸೀಲ್ ಸರಿಯಾಗಿದೆ ಎಂದು ಮಾತ್ರ ಬರೆದಳು.