ಎರಡು ದಿನ, ದಾವಣಗೆರೆಯ ರುಚಿ

ಪ್ರಶ್ನೆ: ಬೆಂಗಳೂರಿನಿಂದ ಶನಿವಾರ, ಭಾನುವಾರ ದಾವಣಗೆರೆಗೆ ತಿನ್ನುವುದಕ್ಕೆಂದೇ ಬರುತ್ತಿದ್ದೇವೆ. ಜತೆಗೆ ಹಳ್ಳಿ ಕಡೆಯೂ ಸುತ್ತಬೇಕು. ಹೇಗೆ ಹೊಂದಿಸಲಿ?

ಉತ್ತರ: ಶನಿವಾರ ಪೂರ್ತಿ ಊರಿಗೇ ಇಡಿ. ಬೆಣ್ಣೆ ದೋಸೆಗೆ ಬೆಳಿಗ್ಗೆಯೇ ಹೋಗಿ. ಸೌದೆ ಒಲೆಯ ಮೇಲೆ ಕಬ್ಬಿಣದ ಕಾವಲಿ ಇಟ್ಟಿರುವ ಸಣ್ಣ ಹೋಟೆಲೇ ಆಗಬೇಕು. ಹಿಟ್ಟಿಗೆ ಅಕ್ಕಿ, ಉದ್ದಿನ ಜತೆ ಮಂಡಕ್ಕಿ ಬೀಳುವುದರಿಂದ ಒಳಗೆ ಮೆದು, ಹೊರಗೆ ಗರಿ. ನಾಲ್ಕು ಜನರಿದ್ದರೂ ಒಮ್ಮೆಗೆ ಎರಡೇ ಹೇಳಿ, ಹಂಚಿಕೊಂಡು ತಿನ್ನಿ. ತಟ್ಟೆಯಲ್ಲೇ ಕೂತ ದೋಸೆ ತನ್ನದೇ ಹಬೆಗೆ ಮೆತ್ತಗಾಗುತ್ತದೆ, ಬೆಣ್ಣೆ ಜಿಡ್ಡಾಗುತ್ತದೆ. ಪಾರ್ಸೆಲ್ ಮಾತೇ ಬೇಡ. ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಇದ್ದರೆ ಸಾಕು, ಸಾಂಬಾರ್ ಕೇಳಬೇಡಿ.

ಮಧ್ಯಾಹ್ನ ಲಘುವಾಗಿರಲಿ, ಯಾಕೆಂದರೆ ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಾದಿದೆ. ಮಿರ್ಚಿ ಬಾಣಲೆಯಿಂದ ಇಳಿಯುವುದನ್ನು ನೋಡಿಯೇ ಮಂಡಕ್ಕಿ ಕಲಸಲು ಹೇಳಿ. ಮೊದಲೇ ಕಲಸಿಟ್ಟದ್ದು ಈರುಳ್ಳಿ ನೀರಿಗೆ ಮುದ್ದೆಯಾಗಿರುತ್ತದೆ. ಬಿಡುವಿದ್ದರೆ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ, ಅಲ್ಲಿನವರ ಅನುಮತಿ ಕೇಳಿ, ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನೋಡಿ.

ಭಾನುವಾರ ಚನ್ನಗಿರಿ ದಾರಿ ಹಿಡಿಯಿರಿ. ಸಂತೇಬೆನ್ನೂರಿನ ಪುಷ್ಕರಣಿ, ಆಮೇಲೆ ಸೂಳೆಕೆರೆ. ದಾರಿಯುದ್ದಕ್ಕೂ ಭತ್ತ, ಅಡಿಕೆ ತೋಟ. ಕೆರೆ ದಡದಲ್ಲಿ ಊಟ ಸಿಕ್ಕೀತೆಂದು ನಂಬಿ ಹೊರಡಬೇಡಿ. ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಊರಿನಿಂದಲೇ ಕಟ್ಟಿಸಿಕೊಳ್ಳಿ. ಮೊಸರಿಗೆ ಸ್ಟೀಲ್ ಡಬ್ಬಿ.

ಬೆಂಗಳೂರಿಗೆ ಒಯ್ಯಲು ಒಣ ಮಂಡಕ್ಕಿಯೇ ವಾಸಿ, ಬೆಣ್ಣೆಯಲ್ಲ. ಚೀಲದ ಬಾಯಿ ಬಿಗಿಯಾಗಿ ಕಟ್ಟಿಸಿ; ತೇವ ತಾಗಿ ಮೆತ್ತಗಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿಕೊಳ್ಳಿ.