ಅಂಕೋಲಾದಿಂದ ಮಣಿಪಾಲಕ್ಕೆ ರೇಡಿಯೇಷನ್‌ಗೆ ಹೋಗ್ತಿದ್ದೇವೆ, ಐದಾರು ವಾರ ಎಲ್ಲಿ ಉಳಿಯೋದು?

ನಿಮ್ಮ ಪ್ರಶ್ನೆ ಓದಿದ ಮೇಲೆ ಉತ್ತರ ಬರೆಯದೆ ಮಲಗಲು ಮನಸ್ಸಾಗಲಿಲ್ಲ. ತಾಯಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್, 25 ರೇಡಿಯೇಷನ್, ವಾರಕ್ಕೊಂದು ಕೀಮೋ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್ ಬೇರೆ. ಉಡುಪಿಯಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲಿರಲೋ, ಲಾಡ್ಜ್ ಮಾಡಲೋ, ಇಲ್ಲ ಅಂಕೋಲಾದಿಂದಲೇ ದಿನಾ ಕಾರಲ್ಲಿ ಹೋಗಿ ಬರಲೋ ಎಂದು ಕೇಳಿದ್ದೀರಿ. ನಾವು ಕುಮಟಾದವರು. ನಮ್ಮ ಆಯಿಗೂ, ಅಂದ್ರೆ ಅಮ್ಮನಿಗೂ, ಇದೇ ಕಾಯಿಲೆ, ಇದೇ ಚಿಕಿತ್ಸೆ, ಅದೂ ಮಣಿಪಾಲದಲ್ಲೇ. ಹತ್ತಿರಹತ್ತಿರ ಎರಡು ತಿಂಗಳು ಅವಳ ಜೊತೆ ಇದ್ದವಳು ನಾನು.

ಮೊದಲು ಉತ್ತರ ಹೇಳಿಬಿಡ್ತೇನೆ. ಆಸ್ಪತ್ರೆಗೆ ಹತ್ತಿರ, ನೆಲಮಹಡಿಯಲ್ಲಿ, ಕೋಣೆಯ ಒಳಗೇ ಕಮೋಡ್ ಇರುವ, ಅಡುಗೆ ಮಾಡಿಕೊಳ್ಳಲು ಬಿಡುವ ಒಂದು ರೂಮನ್ನು ತಿಂಗಳ ಬಾಡಿಗೆಗೆ ಹಿಡಿಯಿರಿ. ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಚಿಕ್ಕಮ್ಮನ ಮನೆ ಬೇಡ. ದಿನಾ ಓಡಾಡೋದಂತೂ ಬೇಡವೇ ಬೇಡ.

ಓಡಾಟ ಯಾಕೆ ಬೇಡ ಅಂದ್ರೆ, ರೇಡಿಯೇಷನ್ ಕೊಡೋದು ಹತ್ತು ಹದಿನೈದು ನಿಮಿಷ ಅಷ್ಟೇ, ಸೋಮವಾರದಿಂದ ಶುಕ್ರವಾರದವರೆಗೆ. ಅಷ್ಟಕ್ಕೆ ಅಲ್ಲೇ ಇರೋದ್ಯಾಕೆ ಅಂತ ನಮ್ಮಣ್ಣನೂ ಮೊದಲು ಹೇಳಿದ್ದ. ಮೊದಲ ವಾರ ಹಾಗೇ ಅನ್ನಿಸುತ್ತದೆ, ಯಾಕೆಂದರೆ ಆಗ ಅವರಿಗೆ ಏನೂ ಆಗಿರೋದಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಭೇದಿ ಶುರುವಾಗುತ್ತದೆ, ಮೂತ್ರ ಉರಿಯುತ್ತದೆ, ಸುಸ್ತು. ಆ ಸ್ಥಿತಿಯಲ್ಲಿ ಹೊನ್ನಾವರ, ಭಟ್ಕಳ, ಕುಂದಾಪುರ ದಾಟಿ ಹೈವೇಲಿ ಗಂಟೆಗಟ್ಟಲೆ ಕೂರಿಸಿಕೊಂಡು ಹೋಗೋದನ್ನು ಯೋಚಿಸಿ ನೋಡಿ. ಇನ್ನೊಂದು ವಿಷಯ. ಈ ಕಾಯಿಲೆಗೆ ಒಳಗಿನ ರೇಡಿಯೇಷನ್ ಸೇರಿ ಇಡೀ ಚಿಕಿತ್ಸೆ 8 ವಾರದ ಒಳಗೆ ಮುಗಿಯಬೇಕು ಎನ್ನುತ್ತಾರೆ ಡಾಕ್ಟರು. ಮಧ್ಯೆ ಬಿಟ್ಟು ಬಿಟ್ಟು ಎಳೆದಷ್ಟೂ ಗುಣ ಕಡಿಮೆ. ಸುಸ್ತಾಯ್ತು, ಇವತ್ತು ಬೇಡ, ನಾಳೆ ಹೋಗೋಣ ಅನ್ನೋ ಮಾತು ಬಂದ ದಿನವೇ ತೊಂದರೆ. ಹತ್ತಿರ ಇದ್ದರೆ ಆ ಮಾತು ಬಂದರೂ ಹೇಗೋ ಎಬ್ಬಿಸಿ ರಿಕ್ಷಾದಲ್ಲಿ ಕೂರಿಸಬಹುದು.

ನಾವು ಮೊದಲು ತಪ್ಪು ರೂಮೇ ಹಿಡಿದೆವು. ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ, ಟಿವಿ ಇತ್ತು, ಹಾಸಿಗೆ ಚೆನ್ನಾಗಿತ್ತು, ಕಣ್ಣಿಗೆ ಬಹಳ ಹಿಡಿಸಿತು. ಎರಡನೇ ಮಹಡಿ, ಲಿಫ್ಟ್ ಇರಲಿಲ್ಲ. ಕೆಳಗೆ ಹೋಟೆಲ್. ಊಟಕ್ಕೆ ಅನುಕೂಲ ಆಯ್ತಲ್ಲ ಅಂದುಕೊಂಡಿದ್ದೆ. ಮೊದಲ ಕೀಮೋ ಆದ ಮರುದಿನ ಬೆಳಗ್ಗೆ ಇನ್ನೂ ಬೆಳಕು ಹರಿದಿರಲಿಲ್ಲ, ಕೆಳಗೆ ಸಾಂಬಾರಿಗೆ ಒಗ್ಗರಣೆ ಹಾಕಿದರು. ಆ ಸಾಸಿವೆ ಇಂಗಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಆಯಿ ಎದ್ದು ಕೂತವಳು ಬಕೆಟ್ ಹಿಡಿದುಕೊಂಡು ಒಂದೇ ಸಮ ವಾಂತಿ. ಜೀವಮಾನವಿಡೀ ಒಗ್ಗರಣೆ ಹಾಕಿದ ಹೆಂಗಸು ಅವಳು. ಕಿಟಕಿ ಮುಚ್ಚಿದೆ, ಸಂದಿಗೆ ಟವೆಲ್ ತುರುಕಿದೆ, ವಾಸನೆ ಹೋಗಲಿಲ್ಲ. ಅದು ದಿನಾ ಬೆಳಗ್ಗೆ ಬರುವ ವಾಸನೆ. ಮುಂಗಡ ಕೊಟ್ಟ ದುಡ್ಡಲ್ಲಿ ಅರ್ಧ ವಾಪಸ್ ಬರಲಿಲ್ಲ, ಆದರೂ ಹತ್ತನೇ ದಿನಕ್ಕೆ ಅಲ್ಲಿಂದ ಹೊರಟೆವು. ಅದಕ್ಕೇ ಹೇಳ್ತಿದ್ದೇನೆ, ರೂಮ್ ನೋಡಲು ಮಧ್ಯಾಹ್ನ ಹೋಗಬೇಡಿ, ಯಾರಾದರೂ ಅಡುಗೆ ಮಾಡುವ ಹೊತ್ತಿಗೆ ಹೋಗಿ. ಕಿಟಕಿ ತೆಗೆದು ಎರಡು ನಿಮಿಷ ಸುಮ್ನೆ ನಿಂತುಕೊಳ್ಳಿ.

ಎರಡನೇ ಜಾಗ ಒಂದು ಮನೆಯ ಹಿಂದಿನ ಕೋಣೆ. ನೋಡಲು ಏನೂ ಇರಲಿಲ್ಲ. ಸುಣ್ಣ ಉದುರಿದ ಗೋಡೆ, ಎರಡು ಮಂಚ, ಒಂದು ಕಡಪಾ ಕಲ್ಲಿನ ಕಟ್ಟೆ. ಆದರೆ ಆ ಕಟ್ಟೆಯ ಮೇಲೆ ಇಂಡಕ್ಷನ್ ಒಲೆ ಇಟ್ಟುಕೊಳ್ಳಲು ಬಿಟ್ಟರು. ನಾನು ಅಡುಗೆ ಅಡುಗೆ ಅಂತ ಇಷ್ಟು ಹೇಳ್ತಿರೋದು ಇದಕ್ಕೆ. ಭೇದಿ ಶುರುವಾದ ಮೇಲೆ ಆಸ್ಪತ್ರೆಯ ಡಯಟಿಷಿಯನ್ ಹಸಿ ತರಕಾರಿ, ಸೊಪ್ಪು, ಖಾರ, ಕರಿದದ್ದು ಎಲ್ಲ ಬಿಡಿ ಎಂದರು. ಮೆತ್ತಗಿನ ಅನ್ನ, ಗಂಜಿ, ಬಾಳೆಹಣ್ಣು, ಚೆನ್ನಾಗಿ ಬೇಯಿಸಿದ್ದನ್ನು ಸ್ವಲ್ಪ ಸ್ವಲ್ಪವೇ ದಿನಕ್ಕೆ ಆರು ಸಲ. ಆರು ಸಲ ಯಾವ ಹೋಟೆಲಿನವರು ಗಂಜಿ ಕೊಡ್ತಾರೆ ಹೇಳಿ? ಅದೂ ಅವಳಿಗೆ ಹಸಿವಾಗುತ್ತಿದ್ದದ್ದು ರಾತ್ರಿ ಎರಡು ಗಂಟೆಗೆ. ಹೊಟ್ಟೆ ಸ್ವಲ್ಪ ತಣ್ಣಗಾದ ಹೊತ್ತು ಅದು. ನಾನು ಎದ್ದು ಎರಡು ಹಿಡಿ ಅಕ್ಕಿ ಪುಟ್ಟ ಕುಕ್ಕರಿಗೆ ಹಾಕ್ತಿದ್ದೆ. ಬೆಂದ ಮೇಲೆ ಹುಟ್ಟಿನಲ್ಲಿ ಅರೆದು, ಉಪ್ಪು ಹಾಕಿ, ಲೋಟದಲ್ಲಿ ಆರಿಸಿ ಕೊಡ್ತಿದ್ದೆ. ಒಂದು ರಾತ್ರಿ, ಊರಿಂದ ತಂದಿದ್ದ ಮಿಡಿ ಉಪ್ಪಿನಕಾಯಿ ಒಂದು ಹನಿ ಹಾಕೇ, ನಾಲಿಗೆ ಸತ್ತು ಹೋಗಿದೆ ಎಂದಳು. ಬಾಟಲಿ ಮುಚ್ಚಳಕ್ಕೆ ಅಂಟಿದ್ದ ರಸ ಚಮಚದ ತುದಿಗೆ ಮುಟ್ಟಿಸಿ ಕೊಟ್ಟೆ. ಆವತ್ತು ಲೋಟ ಖಾಲಿ ಮಾಡಿದಳು.

ಕಮೋಡ್ ವಿಷಯಕ್ಕೆ ನಾಚಿಕೊಳ್ಳಬೇಡಿ, ರೂಮ್ ತೋರಿಸುವವರು ಎದುರಿಗೆ ಇದ್ದರೂ ಬಾತ್‌ರೂಮ್ ಬಾಗಿಲು ತೆಗೆದು ಒಳಗೆ ಹೋಗಿ ಕೂತು ಎದ್ದು ನೋಡಿ. ಮಂಚದಿಂದ ಅಲ್ಲಿಗೆ ಎಷ್ಟು ಹೆಜ್ಜೆ? ಹೊಸ್ತಿಲು ಎತ್ತರ ಇದೆಯಾ? ನೆಲ ಜಾರುತ್ತದಾ? ಹಿಡಿದುಕೊಳ್ಳಲು ಏನಾದರೂ ಇದೆಯಾ? ನಾಲ್ಕನೇ ವಾರ ಆಯಿ ಒಂದೇ ದಿನ ಹನ್ನೊಂದು ಸಲ ಹೋದಳು. ಬಿಸಿನೀರು ಯಾವ ಹೊತ್ತಿಗೂ ಬೇಕು, ಬರೀ ಬೆಳಗ್ಗೆ ಎರಡು ಗಂಟೆ ಬಿಡ್ತೇವೆ ಎಂದರೆ ಬೇಡ.

ದೂರದ ಲೆಕ್ಕ ಹಾಕುವಾಗಲೂ ಇದೇ. ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಷನ್ ಕೊಡುವಾಗ ನೀರು ಕುಡಿಸಿ ಕೂರಿಸ್ತಾರೆ. ಮೂತ್ರಚೀಲ ತುಂಬಿದ್ದರೆ ಸಣ್ಣ ಕರುಳು ಮೇಲಕ್ಕೆ ಸರಿದು ಕಿರಣದಿಂದ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಹೋಗೋದು ಬರೋದು ಎರಡೂ ಸಲ ಹೊಟ್ಟೆಯದ್ದೇ ಯೋಚನೆ. ಮಣಿಪಾಲ ಗುಡ್ಡದ ಮೇಲಿನ ಊರು, ಏರು ಇಳಿತ ಜಾಸ್ತಿ. ಮ್ಯಾಪಿನಲ್ಲಿ ಅರ್ಧ ಕಿಲೋಮೀಟರ್ ಎಂದು ತೋರಿಸಿದ್ದು ಪೂರ್ತಿ ಏರು ಇರಬಹುದು. ಏರಿನ ಅರ್ಧ ಕಿಲೋಮೀಟರಿಗಿಂತ ರಿಕ್ಷಾ ಬಾಗಿಲಿಗೇ ಬರುವ ಎರಡು ಕಿಲೋಮೀಟರ್ ವಾಸಿ. ಮಳೆಗಾಲದಲ್ಲಿ ಹೋಗ್ತಿದ್ದರೆ ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಜಾಗ ಇದೆಯಾ ಕೇಳಿ, ದಿನಕ್ಕೆ ಮೂರು ನಾಲ್ಕು ಸೀರೆ ಲಂಗ ಒಗೆಯಬೇಕಾಗುತ್ತದೆ.

ಗೇಟು! ಇದನ್ನು ಯಾರೂ ಕೇಳೋದಿಲ್ಲ. ರಾತ್ರಿ ಹತ್ತಕ್ಕೆ ಬೀಗ ಹಾಕಿದರೆ ಕೀಲಿ ನಿಮ್ಮ ಕೈಗೂ ಒಂದು ಕೊಡ್ತಾರಾ ಕೇಳಿ. ಕೀಮೋ ನಡೆಯುವಾಗ ರಕ್ತದಲ್ಲಿ ಬಿಳಿ ಕಣ ಕಡಿಮೆ ಆಗಿರುತ್ತದೆ. ಆಗ ಜ್ವರ 100.4 ದಾಟಿತು ಅಂದ್ರೆ ಬೆಳಗಾಗಲಿ ಎಂದು ಕಾಯೋ ಹಾಗಿಲ್ಲ, ಆಗಲೇ ಆಸ್ಪತ್ರೆಗೆ ಓಡಬೇಕು. ನಮಗೆ ಒಮ್ಮೆ ರಾತ್ರಿ ಒಂದೂವರೆಗೆ ಹೀಗಾಯ್ತು. ಕೀಲಿ ನನ್ನ ಬಳಿ ಇತ್ತು, ರಿಕ್ಷಾದವರ ನಂಬರ್ ಗೋಡೆ ಮೇಲೆ ಬರೆದಿಟ್ಟಿದ್ದೆ.

ಇನ್ನು ಚಿಕ್ಕಮ್ಮ. ಅವರು ಬಾ ಎಂದಿದ್ದು ಪ್ರೀತಿಯಿಂದಲೇ, ಅದರಲ್ಲಿ ಸಂಶಯ ಇಲ್ಲ. ಆದರೆ ನಿಮ್ಮ ತಾಯಿಯ ಕಡೆಯಿಂದ ಒಮ್ಮೆ ನೋಡಿ. ಬೇರೆಯವರ ಮನೆಯಲ್ಲಿ ಹನ್ನೊಂದು ಸಲ ಬಾತ್‌ರೂಮಿಗೆ ಹೋಗಲು ಅವರಿಗೆ ಎಷ್ಟು ಸಂಕೋಚ ಆಗುತ್ತದೆ. ತಂಗಿ ಕಷ್ಟಪಟ್ಟು ಮಾಡಿದ್ದನ್ನು ಬೇಡ ಎನ್ನಲಾಗದೆ ತಿಂತಾರೆ, ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ವಾಂತಿ ಮಾಡ್ತಾರೆ. ಮನೆಯಲ್ಲಿ ಮಕ್ಕಳಿದ್ದರೆ ಶೀತ ಕೆಮ್ಮು ತರ್ತಾರೆ. ನೋಡಲು ಬರುವ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ ಮಲಗಿದ್ದಾರೆ ಎಂದು ಹೇಳುವ ಅಧಿಕಾರ ಆ ಮನೆಯಲ್ಲಿ ನಿಮಗಿಲ್ಲ. ಒಂದು ವಾರ ಆಗಿದ್ದರೆ ಹೋಗಿ ಅಂತಿದ್ದೆ. ಇದು ಏಳೆಂಟು ವಾರ. ಚಿಕ್ಕಮ್ಮನ ಬಳಿ ಬೇರೆ ಸಹಾಯ ಕೇಳಿ. ಅಕ್ಕಿ ಸಾಮಾನು ತಂದುಕೊಡಲಿ, ಭಾನುವಾರ ಮಧ್ಯಾಹ್ನ ಬಂದು ಅಕ್ಕನ ಜೊತೆ ಕೂರಲಿ, ಆ ಮೂರು ಗಂಟೆ ನೀವು ಮಲಗಿ. ನಿಜವಾಗಿ ಹೇಳ್ತೇನೆ, ಆ ಮೂರು ಗಂಟೆ ನಿಮಗೆ ಬೇಕೇ ಬೇಕು. ರೂಮಲ್ಲಿ ಎರಡು ಮಂಚ ಇರಲಿ ಎನ್ನೋದೂ ಅದಕ್ಕೇ. ಮೊದಲ ಹತ್ತು ದಿನ ನಾನು ನೆಲದ ಮೇಲೆ ಚಾಪೆ ಹಾಸಿ ಮಲಗಿ, ಬೆನ್ನು ಹಿಡಿದು, ಆಯಿಯನ್ನು ಎಬ್ಬಿಸಿ ಕೂರಿಸಲೂ ಆಗದ ಹಾಗೆ ಆಗಿತ್ತು.

ದುಡ್ಡಿನ ವಿಷಯ. ದಿನದ ಲೆಕ್ಕದಲ್ಲಿ ಮಾತಾಡಬೇಡಿ, ತಿಂಗಳದ್ದು ಕೇಳಿ, ಚೌಕಾಸಿ ಮಾಡಿ. ಆದರೆ ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಮೊದಲು ಒಂದು ವಾರ ಇದ್ದು ನೋಡ್ತೇವೆ ಎನ್ನಿ. ಹೊರಡುವ ದಿನವನ್ನೂ ಗಟ್ಟಿ ಹೇಳಬೇಡಿ. 25 ದಿನ ಅಂದ್ರೆ ಐದು ವಾರ ಎಂದು ಲೆಕ್ಕ ಹಾಕಿದ್ದೀರಿ, ಸರಿ, ಆದರೆ ಮಧ್ಯೆ ಹಬ್ಬದ ರಜೆ ಬರುತ್ತದೆ, ಮೆಷಿನ್ ಒಂದು ದಿನ ಕೈ ಕೊಡುತ್ತದೆ, ರಕ್ತ ಪರೀಕ್ಷೆಯಲ್ಲಿ ಕೌಂಟ್ ಇಳಿದರೆ ಕೀಮೋ ಮುಂದೆ ಹೋಗುತ್ತದೆ. ಆಮೇಲೆ ಒಳಗಿನ ರೇಡಿಯೇಷನ್. ಹೆಚ್ಚುಕಡಿಮೆ ಎರಡು ತಿಂಗಳಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಹೊರಗಿನ ರೂಮ್ ಬಾಡಿಗೆ ಅದರಲ್ಲಿ ಬರೋದಿಲ್ಲ. ಅದಕ್ಕೆ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಎಂದು ಇರ್ತಾರೆ, ಅವರನ್ನು ಮೊದಲ ದಿನವೇ ಕಾಣಿ. ಕಡಿಮೆ ಬಾಡಿಗೆಯ ಜಾಗ ಯಾವುದು, ಎಲ್ಲಿ ಅಡುಗೆಗೆ ಬಿಡ್ತಾರೆ ಎಲ್ಲ ಅವರಿಗೆ ಗೊತ್ತಿರುತ್ತದೆ. ನಮಗೆ ಎರಡನೇ ರೂಮ್ ಸಿಕ್ಕಿದ್ದೂ ಅವರು ಹೇಳಿದ್ದರಿಂದಲೇ. ಮಣಿಪಾಲ ಓದುವ ಮಕ್ಕಳ ಊರಲ್ವಾ, ಪಿಜಿಗಳ ಬೋರ್ಡ್ ಎಲ್ಲ ಕಡೆ ಇದೆ, ರೋಗಿ ಎಂದ ಕೂಡಲೇ ಎಷ್ಟೋ ಕಡೆ ಆಗಲ್ಲ ಅಂದರು. ಅಲ್ಲಿ ಸಮಯ ಹಾಳು ಮಾಡಬೇಡಿ.

ಮೊದಲ ಎರಡು ವಾರ ಶನಿವಾರ ಭಾನುವಾರ ಊರಿಗೆ ಬರಬಹುದು, ಡಾಕ್ಟರನ್ನು ಕೇಳಿಕೊಂಡೇ. ರೈಲಲ್ಲಿ ಬನ್ನಿ. ಉಡುಪಿ ಸ್ಟೇಷನ್ ಇರೋದೇ ಮಣಿಪಾಲದ ದಾರಿಯಲ್ಲಿ, ಇಂದ್ರಾಳಿಯಲ್ಲಿ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಯ ಓಡಾಟಕ್ಕೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವವರಿಗೆ ಶೇ 75 ರಿಯಾಯಿತಿ. ಫಾರಂಗೆ ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳಿ. ರೈಲಿನಲ್ಲಿ ಬಾತ್‌ರೂಮ್ ಇರುತ್ತದೆ ಅನ್ನೋದು ನನಗೆ ರಿಯಾಯಿತಿಗಿಂತ ದೊಡ್ಡದಾಗಿ ಕಂಡಿತ್ತು.

ನಮ್ಮ ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಇದ್ದಿದ್ದರೆ ನೀವು ಈ ಪ್ರಶ್ನೆ ಕೇಳಬೇಕಾಗೇ ಇರಲಿಲ್ಲ. 2022ರ ಜುಲೈನಲ್ಲಿ ಬೈಂದೂರು ಕಡೆಯ ಶಿರೂರು ಟೋಲ್ ಹತ್ತಿರ ಹೊನ್ನಾವರದ ಆಂಬುಲೆನ್ಸ್ ಮಗುಚಿ ನಾಲ್ಕು ಜನ ಹೋದಾಗ ಊರೂರಲ್ಲಿ ಜನ ಆಸ್ಪತ್ರೆ ಕೊಡಿ ಎಂದು ಕೂಗಿದ್ದು ನಿಮಗೂ ನೆನಪಿರಬಹುದು. ಆ ಟೋಲ್ ದಾಟುವಾಗೆಲ್ಲ ಆಯಿ ಕೈ ಮುಗಿಯುತ್ತಿದ್ದಳು.

ಮುಂದಿನ ವಾರ ಪ್ಲಾನಿಂಗ್ ಸ್ಕ್ಯಾನ್, ಅಂದ್ರೆ ರೇಡಿಯೇಷನ್ ಎಲ್ಲಿಗೆ ಕೊಡಬೇಕೆಂದು ಗುರುತು ಮಾಡುವ ಸ್ಕ್ಯಾನ್, ಎಂದು ಬರೆದಿದ್ದೀರಿ. ಸ್ಕ್ಯಾನ್ ಆದ ಮೇಲೆ ರೇಡಿಯೇಷನ್ ಶುರುವಾಗಲು ಸಾಮಾನ್ಯವಾಗಿ ಕೆಲವು ದಿನ ಬಿಡುವು ಇರುತ್ತದೆ, ಆದರೂ ಸ್ಕ್ಯಾನಿನ ದಿನವೇ ರೂಮ್ ಹುಡುಕಿ. ಒಬ್ಬರು ತಾಯಿಯ ಜೊತೆ ಇರಿ, ಇನ್ನೊಬ್ಬರು ಬೆಳಗ್ಗೆಯೇ ಸೋಶಿಯಲ್ ವರ್ಕರ್ ಹತ್ತಿರ ಹೋಗಲಿ. ಊರಿಂದ ಹೊರಡುವಾಗ ಪುಟ್ಟ ಕುಕ್ಕರ್, ಇಂಡಕ್ಷನ್ ಒಲೆ, ಥರ್ಮಾಮೀಟರ್, ಹಳೇ ಕಾಟನ್ ಸೀರೆ ಎಷ್ಟಿದೆಯೋ ಅಷ್ಟೂ, ಬಾತ್‌ರೂಮಿಗೆ ಹಾಕಲು ಒಂದು ಪ್ಲಾಸ್ಟಿಕ್ ಕುರ್ಚಿ ಕಾರಿಗೆ ತುಂಬಿ. ಅವರು ದಿನಾ ಉಣ್ಣುವ ಅಕ್ಕಿಯನ್ನೇ ಹತ್ತು ಕೆಜಿ ಒಯ್ಯಿರಿ. ರೂಮ್ ಸಿಕ್ಕ ಮೇಲೆ ಬಾತ್‌ರೂಮ್ ಹೇಗಿದೆ ಎಂದು ಇಲ್ಲೇ ಬರೆಯಿರಿ, ನೋಡ್ತಿರ್ತೇನೆ.