ಕಿಡ್ನಿ ಕಸಿಯಾದ ಮಗಳ ಕೈನಡುಕ ಮೂರ್ಛೆರೋಗದ ಸೂಚನೆಯೇ?

ಪ್ರಶ್ನೆ: ನನ್ನ 9 ವರ್ಷದ ಮಗಳಿಗೆ ಕಿಡ್ನಿ ಕಸಿಯಾಗಿ 4 ತಿಂಗಳಾಗಿದೆ. ಕಸಿಗೆ ಮುಂಚೆ ಮಾಡಿಸಿದ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಮಿದುಳಿನ ಅಲೆಗಳು ನಿಧಾನವಾಗಿವೆ ಎಂದಿತ್ತು. ಇದುವರೆಗೆ ಫಿಟ್ಸ್ ಬಂದಿಲ್ಲ, ಆದರೆ ಈಚೆಗೆ ಬರೆಯುವಾಗ ಕೈ ನಡುಗುತ್ತದೆ. ಮುಂಜಾಗ್ರತೆಗೆ ಫಿಟ್ಸ್ ಮಾತ್ರೆ ಕೊಡಿಸಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ಕಲ್ಮಶಗಳು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಮಂದಗೊಳಿಸುತ್ತವೆ. ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡತೊಡಗಿದ ಮೇಲೆ ಇದು ಸಾಮಾನ್ಯವಾಗಿ ಸುಧಾರಿಸುತ್ತದೆ. ಅಲೆಗಳು ನಿಧಾನವಾಗಿದ್ದ ಮಾತ್ರಕ್ಕೆ ಅದು ಮೂರ್ಛೆರೋಗವಲ್ಲ. ಒಮ್ಮೆಯೂ ಫಿಟ್ಸ್ ಬಾರದ ಆರೋಗ್ಯವಂತ ಮಕ್ಕಳಲ್ಲೂ ಕೆಲವರ ಇಇಜಿಯಲ್ಲಿ ಏರುಪೇರು ಕಾಣುವುದುಂಟು.

ಕಸಿಯನ್ನು ಕಾಪಾಡಲು ಕೊಡುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು ನಿಮ್ಮ ಮಗಳು ತೆಗೆದುಕೊಳ್ಳುತ್ತಿದ್ದರೆ, ಕೈನಡುಕ ಆ ಔಷಧದ ಪರಿಚಿತ ಅಡ್ಡಪರಿಣಾಮ. ರಕ್ತದಲ್ಲಿ ಅದರ ಮಟ್ಟವನ್ನೂ ಮೆಗ್ನೀಸಿಯಂ ಅಂಶವನ್ನೂ ಪರೀಕ್ಷಿಸುವಂತೆ ಕಸಿ ವೈದ್ಯರನ್ನು ಕೇಳಿ, ಏಕೆಂದರೆ ಈ ಔಷಧವು ಮೂತ್ರದ ಮೂಲಕ ಮೆಗ್ನೀಸಿಯಂ ಸೋರಿಹೋಗುವಂತೆ ಮಾಡುತ್ತದೆ.

ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ರಕ್ತದೊತ್ತಡ ಹಠಾತ್ತನೆ ಏರುವುದು, ಔಷಧದ ಮಟ್ಟ ಮಿತಿ ಮೀರುವುದು, ಸೋಡಿಯಂ ಅಥವಾ ಮೆಗ್ನೀಸಿಯಂ ಕುಸಿಯುವುದು, ಸೋಂಕು ತಗಲುವುದು, ಇವುಗಳಿಂದ ಕಸಿಯಾದ ಮಕ್ಕಳಿಗೆ ಫಿಟ್ಸ್ ಬರಬಹುದು. ಇವುಗಳಲ್ಲಿ ನನಗೆ ಹೆಚ್ಚು ಆತಂಕ ತರುವುದು ರಕ್ತದೊತ್ತಡ. ಅದು ಏರಿದಾಗ ಮಿದುಳಿನ ಹಿಂಭಾಗದಲ್ಲಿ ಊತ ಉಂಟಾಗಿ ತಲೆನೋವು, ವಾಂತಿ, ಮಸುಕು ದೃಷ್ಟಿ, ಗೊಂದಲ ಕಾಣಿಸಿಕೊಂಡು, ಬಳಿಕ ಫಿಟ್ಸ್ ಬರಬಹುದು. ಬೇಗ ಚಿಕಿತ್ಸೆ ದೊರೆತರೆ ಬಹುಮಟ್ಟಿಗೆ ಸಂಪೂರ್ಣ ಗುಣವಾಗುವ ಸ್ಥಿತಿಯಿದು. ಆದ್ದರಿಂದ ಇಂಥ ಲಕ್ಷಣ ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಫಿಟ್ಸ್ ಮಾತ್ರೆಯ ವಿಚಾರ. ಫೆನಿಟಾಯಿನ್, ಕಾರ್ಬಮಾಜೆಪಿನ್‌ನಂತಹ ಔಷಧಗಳು ಯಕೃತ್ತಿನಲ್ಲಿ ಟ್ಯಾಕ್ರೋಲಿಮಸ್ ಬೇಗನೆ ಕರಗಿಹೋಗುವಂತೆ ಮಾಡುವುದರಿಂದ ಅದರ ಮಟ್ಟ ಇಳಿದು, ದೇಹವು ಹೊಸ ಕಿಡ್ನಿಯನ್ನೇ ತಿರಸ್ಕರಿಸುವ ಸಂಭವವಿದೆ. ಇನ್ನೊಂದು ಫಿಟ್ಸ್ ಔಷಧವಾದ ಲೆವೆಟಿರಾಸೆಟಮ್‌ನಲ್ಲಿ ಈ ತೊಡಕಿಲ್ಲ, ಆದರೂ ಕಿಡ್ನಿಯ ಸಾಮರ್ಥ್ಯ ನೋಡಿಯೇ ಅದರ ಪ್ರಮಾಣವನ್ನು ನಿರ್ಧರಿಸಬೇಕಾಗುತ್ತದೆ.

ಒಂದು ವೇಳೆ ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿಕೊಳ್ಳಿ. ಮೊದಲ ಬಾರಿಯಾದ್ದರಿಂದ ಬೇಗ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು. 5 ನಿಮಿಷ ಮೀರಿದರೆ ಅಲ್ಲಿಂದಲೇ ಆಂಬುಲೆನ್ಸ್ ಕರೆಸಿ. ತುರ್ತು ಘಟಕದ ವೈದ್ಯರಿಗೆ ಕಸಿಯ ವಿಷಯವನ್ನು ಮೊದಲು ತಿಳಿಸಿ, ಔಷಧಗಳ ಪಟ್ಟಿಯನ್ನು ಕೈಗೆ ಕೊಡಿ.